ಆರೋಗ್ಯದ ಅಂಗಡಿಗೆ ಸಕ್ಕರೆ ಹಾಕಿದವರು

ಪಾರ್ಕಿನಲ್ಲಿ ಬೆಳಗಿನ ನಡಿಗೆ ಮುಗಿಸುವ ಮೊದಲೇ ನಿವೃತ್ತ ಮೇಷ್ಟ್ರು ಕುಸಿದು ಬಿದ್ದರು.

ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಸಕ್ಕರೆ ಮಿತಿಮೀರಿ ಏರಿತ್ತು. "ಸಿಹಿ ತಿಂದ್ರಾ?" ಎಂದು ಡಾಕ್ಟರು ಕೇಳಿದ್ದೇ ತಡ, ಮೇಷ್ಟ್ರ ಹೆಂಡತಿ ಉರಿದುಬಿದ್ದರು.

"ಮನೇಲಿ ಸಕ್ಕರೆ ಡಬ್ಬಿಗೆ ಬೀಗ ಹಾಕಿದ್ದೀನಿ ಡಾಕ್ಟ್ರೇ. ಇವರು ಕುಡಿಯೋದು ಆ ಹೊಸ ಆರೋಗ್ಯದ ಅಂಗಡಿ ಪುಡಿ ಒಂದೇ. ಅದನ್ನ ಮಾತ್ರ ನೀರಿಗೆ ಕಲಸಿ ಲೋಟಗಟ್ಟಲೆ."

ಪೊಟ್ಟಣದ ಮೇಲೆ 'ಸಿಹಿ ಸೇರಿಸಿಲ್ಲ' ಎಂದು ದಪ್ಪಕ್ಷರದಲ್ಲಿತ್ತು. ಪ್ರಯೋಗಾಲಯದವರು ಬೇರೆಯೇ ಹೇಳಿದರು. ಅರ್ಧಕ್ಕರ್ಧ ಸಕ್ಕರೆ. ಜೊತೆಗೆ ಒಂದಿಷ್ಟು ಏಲಕ್ಕಿ.

ದೂರು ಪೊಲೀಸ್ ಠಾಣೆಗೆ ಹೋಯಿತು. ಇನ್‌ಸ್ಪೆಕ್ಟರಮ್ಮ ಟೋಪಿ ಹಾಕಿಕೊಂಡು ಹೊರಟರು.

* * *

"ಇದು ಆ ಪಾರ್ಕಿನ ಹತ್ತಿರದ ಬೇಕರಿಯವನದೇ ಕಿತಾಪತಿ!" ಅಂಗಡಿಯ ಮಾಲೀಕ ಕೈಕೈ ಹಿಸುಕಿಕೊಂಡ. "ನಮ್ಮ ಏಳಿಗೆ ಅವನಿಗೆ ಸಹಿಸ್ತಿಲ್ಲ."

"ಏಳಿಗೆ ಆಗುತ್ತೆ ಅಂತ ನಿಮಗೆ ಹೇಳಿದ್ಯಾರು?"

ಮಾಲೀಕ ಗೋಡೆ ತೋರಿಸಿದ. ಅಲ್ಲೊಂದು ಬಣ್ಣಬಣ್ಣದ ನಕ್ಷೆ. ದೊಡ್ಡ ಪೇಟೆಯಿಂದ ಬಂದ ವ್ಯಾಪಾರ ತಜ್ಞರೊಬ್ಬರು ಬರೆದುಕೊಟ್ಟದ್ದು. ಪಾರ್ಕಿನಿಂದ ಒಂದು ಬಾಣ ಹೊರಟು ನೇರವಾಗಿ ಅಂಗಡಿಗೆ ಬಂದು ಚುಚ್ಚಿತ್ತು.

"ಈ ಊರಲ್ಲಿ ಬೆಳಗಾದ್ರೆ ಎಲ್ಲರೂ ನಡೀತಾರೆ ಮೇಡಂ. ನಡೆಯೋರಿಗೆ ಆರೋಗ್ಯ ಬೇಕು. ಆರೋಗ್ಯ ಬೇಕಾದೋರು ಇಲ್ಲಿಗೆ ಬರಲೇಬೇಕು. ಮೊದಮೊದಲು ನೊಣ ಹೊಡೀತಾ ಕೂತಿದ್ವಿ, ನಿಜ. ಈಗ ನೋಡಿ, ಬಾಗಿಲು ತೆಗೆಯೋ ಮೊದಲೇ ಕ್ಯೂ!"

"ಪುಡಿ ಸಿಹಿಯಾಗಿದೆ ಅಂತ ನಿಮ್ಮ ನಾಲಿಗೆಗೆ ಗೊತ್ತಾಗಲಿಲ್ವಾ?"

ಮಾಲೀಕ ತಡವರಿಸಿದ. "ನಾನು... ಈಚೆಗೆ ಕುಡಿಯೋಕೆ ಪುರುಸೊತ್ತಾಗಿಲ್ಲ."

ಗಲ್ಲಾದಲ್ಲಿದ್ದ ಅವನ ಹೆಂಡತಿ ಮೂತಿ ಸೊಟ್ಟ ಮಾಡಿದಳು. "ನಾನು ಅಂಗಡಿ ತೆರೆದ ದಿನ ಒಂದೇ ಸಲ ಕುಡಿದಿದ್ದು. ಸಾಕಾಯ್ತು."

ಪುಡಿಯ ಡ್ರಮ್ಮು ಹಿಂದಿನ ಕೋಣೆಯಲ್ಲಿತ್ತು. ಬೀಗ ಒಡೆದಿರಲಿಲ್ಲ. ಕಿಟಕಿಯ ಸರಳು ಗಟ್ಟಿಯಾಗಿತ್ತು. ಇನ್ನೊಂದು ಬಾಗಿಲು ಅಂಗಡಿಯ ಹಿಂದಿನ ಮನೆಗೆ ತೆರೆದುಕೊಳ್ಳುತ್ತಿತ್ತು.

"ಅಲ್ಲಿ ಯಾರಿದ್ದಾರೆ?"

"ನಮ್ಮಪ್ಪ," ಎಂದಳು ಹೆಂಡತಿ.

"ನಮ್ಮ ಮಾವ," ಎಂದ ಮಾಲೀಕ, ಹಲ್ಲುನೋವು ಬಂದವನ ಹಾಗೆ.

* * *

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರಮ್ಮ ಮಫ್ತಿಯಲ್ಲಿ ಪಾರ್ಕಿನ ಬೆಂಚಿನ ಮೇಲೆ ಕುಳಿತರು. ಜನ ಬೀಸುಗೈಯಲ್ಲಿ ನಡೆದರು, ಬೆವರು ಒರೆಸಿಕೊಂಡರು, ಗೇಟು ದಾಟಿದರು. ಆಮೇಲೆ ಹಿಂಡಾಗಿ ಬೇಕರಿಗೆ ನುಗ್ಗಿದರು.

ಒಬ್ಬ ಹೆಂಗಸನ್ನು ಅವರು ತಡೆದು ಕೇಳಿದರು. "ಇಷ್ಟು ನಡೆದು ಮತ್ತೆ ಬನ್ನಾ?"

"ನಡೆದಿದ್ದೇ ಬನ್ನು ತಿನ್ನೋಕಲ್ವೇನ್ರೀ!"

ತಜ್ಞರ ಬಾಣ ಅಲ್ಲಿಗೇ ಮುರಿಯಿತು.

ಬೇಕರಿಯವನು ಪ್ರಶ್ನೆ ಕೇಳಿ ನಕ್ಕುಬಿಟ್ಟ. "ನಾನ್ಯಾಕೆ ಮೇಡಂ ಆ ಅಂಗಡಿಗೆ ಕೆಟ್ಟದ್ದು ಮಾಡ್ಲಿ? ಆ ಪುಡಿ ಕುಡಿದೋರು ಬಾಯಿ ಸರಿ ಮಾಡ್ಕೊಳ್ಳೋಕೆ ಇಲ್ಲಿಗೇ ಓಡಿಬರ್ತಿದ್ರು. ಈಚೆಗೆ ಅದೂ ನಿಂತುಹೋಗಿದೆ."

"ಯಾವಾಗಿಂದ?"

"ಅಲ್ಲಿ ಕ್ಯೂ ಶುರುವಾದಾಗಿಂದ." ಬೇಕರಿಯವನು ದನಿ ತಗ್ಗಿಸಿದ. "ಈಗ ಆ ಅಂಗಡಿಯಿಂದ ಉಳಿದಿರೋ ಗಿರಾಕಿ ಒಬ್ಬರೇ. ಅದರ ಮಾಲೀಕರು. ಹಿಂದಿನ ಬಾಗಿಲಿಂದ ಬಂದು ಕೆನೆ ಬನ್ನು ತಿಂದು ಹೋಗ್ತಾರೆ. ದಯವಿಟ್ಟು ಎಲ್ಲೂ ಬಾಯಿ ಬಿಡಬೇಡಿ."

* * *

ಮಾವ ಬಾಗಿಲು ತೆರೆದದ್ದೇ ಗೊಣಗುತ್ತ.

"ಅಂಗಡಿಯಂತೆ, ಅಂಗಡಿ! ಹೊಟ್ಟು ಮಾರೋಕೆ ನನ್ನ ಮುಂಭಾಗದ ಕೋಣೆ ಹಾಳು ಮಾಡಿದ. ಮುಳುಗ್ತೀಯ ಅಂತ ಮೊದಲ ದಿನವೇ ಹೇಳಿದ್ದೆ. ಟೀ ಕುಡೀತೀರಾ? ಸಕ್ಕರೆ ಮಾತ್ರ ಕೇಳಬೇಡಿ. ನನಗೂ ಅದೇ ಸಕ್ಕರೆ ಕಾಯಿಲೆ. ಈ ಮನೆಗೆ ಸಕ್ಕರೆ ಬಂದು ವರ್ಷಗಳಾದ್ವು."

ಇನ್‌ಸ್ಪೆಕ್ಟರಮ್ಮ ಸಪ್ಪೆ ಟೀ ಕುಡಿದರು. ಕುಡಿಯುತ್ತ ನೆಲ ನೋಡಿದರು. ಇರುವೆಗಳು ಸಾಲುಗಟ್ಟಿ ಒಲೆಯ ಕಟ್ಟೆಯ ಕೆಳಗೆ ಹೋಗುತ್ತಿದ್ದವು. ವಾಪಸು ಬರುವವು ಖಾಲಿ ಬಾಯಲ್ಲಿ ಬರುತ್ತಿರಲಿಲ್ಲ.

"ನಿಮ್ಮ ಮಗಳು, ಅಳಿಯ ಇಬ್ಬರನ್ನೂ ಕರೀರಿ," ಎಂದರು ಅವರು.

* * *

ಕಟ್ಟೆಯ ಕೆಳಗಿನಿಂದ ಹೊರಬಂದದ್ದು ಸಕ್ಕರೆಯ ಚೀಲ, ಏಲಕ್ಕಿಯ ಡಬ್ಬಿ.

"ನನಗೆ ಗೊತ್ತಿತ್ತು!" ಅಳಿಯ ಕುಣಿದಾಡಿದ. "ನನ್ನನ್ನ ಮುಳುಗಿಸೋಕೇ ಕಾಯ್ತಿದ್ರು!"

"ಕೂತ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರಮ್ಮ. "ಬೇರೆಯವರು ಹೇಳಿದ್ದನ್ನ ನಂಬಿ ನೀವು ಆಗಲೇ ಒಂದು ಸಲ ಕೆಟ್ಟಿದ್ದೀರಿ. ನಿಮ್ಮ ಊಹೇನ ನಂಬಿ ಮತ್ತೆ ಕೆಡಬೇಡಿ. ನಡೆಯೋರೆಲ್ಲ ನಿಮ್ಮ ಗಿರಾಕಿಗಳು ಅಂದ್ಕೊಂಡ್ರಿ. ಅವರು ಬೇಕರಿ ಗಿರಾಕಿಗಳು. ಹಾಗಾದ್ರೆ ಈ ಕ್ಯೂ ಎಲ್ಲಿಂದ ಬಂತು? ಪುಡಿಗೆ ರುಚಿ ಬಂದಿದ್ದರಿಂದ. ಸಕ್ಕರೆ ಬಿದ್ದ ಮೇಲೆ ಅಂಗಡಿ ಮುಳುಗಲಿಲ್ಲ, ಎದ್ದಿತು. ಅಂದಮೇಲೆ ಹಾಕಿದವರು ವೈರಿ ಅಲ್ಲ."

"ಮತ್ತೆ?"

"ಹಾಳು ಮಾಡೋನು ಬರೀ ಸಕ್ಕರೆ ಸುರೀತಾನೆ. ಏಲಕ್ಕಿ ಸಿಪ್ಪೆ ಬಿಡಿಸ್ತಾ ಕೂರ್ತಾನೇನ್ರೀ? ಡ್ರಮ್ಮಿನ ಕೋಣೆಗೆ ಮನೆ ಕಡೆಯಿಂದ ಬಾಗಿಲಿದ್ದದ್ದು ಇವರಿಗೊಬ್ಬರಿಗೆ. ಸಕ್ಕರೆಯೇ ಇಲ್ಲದ ಮನೇಲಿ ಇರುವೆಗೆ ಏನು ಕೆಲಸ?"

ಮಗಳು ಅಪ್ಪನ ಮುಂದೆ ಕುಳಿತಳು. "ಯಾಕಪ್ಪಾ?"

ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. "ಅಂಗಡಿಗೆ ಒಂದು ನರಪಿಳ್ಳೇನೂ ಬರ್ತಿರಲಿಲ್ಲ. ನೀನು ಬೀದಿ ನೋಡ್ತಾ ಕೂರ್ತಿದ್ದೆ. ಇವನು ಹಿಂದಿನ ಕೋಣೇಲಿ ಬಾಯಿಗೆ ಟವೆಲ್ ಇಟ್ಕೊಂಡು ಅಳ್ತಿದ್ದ. ಎಷ್ಟೂಂತ ಕೇಳಿಸ್ಕೊಳ್ಳಲಿ?" ಅವರು ಈ ಕಡೆ ತಿರುಗಿದರು. "ಮೇಷ್ಟ್ರು ಕುಡೀತಾರೆ ಅಂತ ಹೊಳೀಲೇ ಇಲ್ಲ. ನನಗೇ ಈ ಕಾಯಿಲೆ ಇಟ್ಕೊಂಡು ಹೊಳೀಲಿಲ್ಲವಲ್ಲ... ಹೇಗಿದ್ದಾರೆ?"

"ಬದುಕಿದ್ದಾರೆ. ಎದ್ದು ಕೂತು ಅದೇ ಪುಡಿ ಬೇಕು ಅಂತ ಹಟ ಮಾಡ್ತಿದ್ದಾರೆ. ಆದರೂ ಒಂದು ಜೀವ ಹೋಗ್ತಿತ್ತು. ಕೇಸು ಹಾಕಲೇಬೇಕು. ಅಂಗಡಿಗೂ ಬೀಗ ಬೀಳುತ್ತೆ."

"ಹಾಕಿ. ಮೊದಲು ಅವರ ಕ್ಷಮೆ ಕೇಳ್ತೀನಿ." ಮಾವ ಕಣ್ಣೊರೆಸಿಕೊಂಡು ಹತ್ತಿರ ಬಂದು ಪಿಸುಗುಟ್ಟಿದರು. "ಒಂದುಪಕಾರ ಮಾಡ್ರಮ್ಮ. ಅಳಿಯನ ಮೇಲಿನ ಹೊಟ್ಟೆಕಿಚ್ಚಿಗೆ ಮಾಡಿದೆ ಅಂತಲೇ ಬರ್ಕೊಳ್ಳಿ. ಊರಲ್ಲಿ ನನ್ನ ಮರ್ಯಾದೆ ಪ್ರಶ್ನೆ."

"ಸುಳ್ಳು ಬರೆಯೋಕಾಗಲ್ಲ."

ಅಳಿಯ ಬೆಪ್ಪಾಗಿ ನಿಂತಿದ್ದ. "ಮಾವ, ಹಾಗಾದ್ರೆ ನನ್ನ ಅಂಗಡಿ ಮೇಲೆ ನಿಮಗೆ ಅಷ್ಟೊಂದು—"

"ನಿನ್ನ ಅಂಗಡಿ ಶುದ್ಧ ದಂಡ!" ಮಾವ ಗುಡುಗಿದರು. ಆಮೇಲೆ ಅವನ ಅಂಗಿಯ ಕಡೆ ನೋಡಿ, "ಮೊದಲು ಆ ಬನ್ನಿನ ಕೆನೆ ಒರೆಸ್ಕೊ. ಹೆಂಡತಿ ನೋಡ್ತಿದ್ದಾಳೆ," ಎಂದವರೇ ಹೊರಗೆ ಹೋಗಿ ಪೊಲೀಸ್ ಜೀಪು ಹತ್ತಿದರು.