ಓಡದ ಕುದುರೆಯ ರಕ್ತ

ಇಪ್ಪತ್ತೇಳು ಕುದುರೆಗಳು... ನೇರ ನನ್ನ ಜೀಪಿನ ಮೇಲೆ!

ಬ್ರೇಕ್ ಒತ್ತಿದೆ. ಧೂಳು. ಗೊರಸಿನ ಸದ್ದು. ಬೈಗುಳ. ಒಬ್ಬ ಸವಾರ ಚಾಟಿಯಿಂದ ಗಾಜಿಗೇ ಬಾರಿಸಿ ಹೋದ.

"ಟೋರಿ ಇಲ್ಲ!" ಪಕ್ಕದಲ್ಲಿದ್ದ ಮುದುಕ ಬೈದಾಲಿ ಕಿರುಚಿದ. "ಎರ್ಮೆಕ್, ಇದರಲ್ಲಿ ನನ್ನ ಟೋರಿ ಇಲ್ಲ ಕಣೋ!"

ಹಿಂದೆ ಕಾಬ್ದೇಶನ ಕಾರು ಹಾರ್ನ್ ಬಾರಿಸುತ್ತಾ ಬೆನ್ನತ್ತಿತ್ತು. ಕಾಬ್ದೇಶ ನನ್ನ ಧಣಿ. ಟೋರಿಯ ಮಾಲೀಕ. ಅವನ ಪರವಾಗಿ ಜನರನ್ನು ಹೆದರಿಸುವುದು ನನ್ನ ಕೆಲಸ. ಅಂಥವನು ಅವನ ಮಾತು ಮೀರಿ ಅವನದೇ ಕುದುರೆಯನ್ನು ನಿಲ್ಲಿಸಲು ಹೊರಟಿದ್ದೆ. ತಲೆ ಕೆಟ್ಟಿತ್ತು ಅಂದುಕೊಳ್ಳಿ!

ಶುರುವಾದದ್ದು ಒಂದು ಫೋನಿನಿಂದ. ಪಂದ್ಯದ ಮೊದಲ ಸುತ್ತು ಆಗಷ್ಟೇ ಮುಗಿದಿತ್ತು. ಇನ್ನೂ ಮೂರು ಬಾಕಿ. ಆ ಕಡೆ ಕುದುರೆ ಡಾಕ್ಟರ್ ಸಾಮಲ್.

"ಎರ್ಮೆಕ್ ಅಣ್ಣ, ಮೊನ್ನೆ ನೀವು ತಂದುಕೊಟ್ಟ ರಕ್ತ ಯಾವ ಕುದುರೇದು?"

"ಟೋರೀದೇ. ಇಪ್ಪತ್ತು ಕಿಲೋಮೀಟರ್ ಓಡಿಸಿ ತೆಗೆದದ್ದು."

"ಸುಳ್ಳು! ನಾನು ಊರಲ್ಲಿರ್ಲಿಲ್ಲ, ನಮ್ಮವರು ಚೆನ್ನಾಗಿದೆ ಅಂತ ಬರೆದು ಕಳಿಸಿಬಿಟ್ಟಿದಾರೆ. ಈಗ ನೋಡ್ತಿದೀನಿ... ಅಷ್ಟು ಓಡಿದ ಮೇಲೆ ಲ್ಯಾಕ್ಟೇಟ್ ಏರಿರ್ಬೇಕು. ಸಿ.ಕೆ. ಏರಿರ್ಬೇಕು. ಎರಡೂ ಏರಿಲ್ಲ! ಇದು ಇಡೀ ದಿನ ನಿಂತು ಹುಲ್ಲು ಮೇಯ್ದ ಕುದುರೇದು!"

ಲ್ಯಾಕ್ಟೇಟ್ ಅಂದರೆ ದಣಿದ ಸ್ನಾಯುವಿನ ಆಮ್ಲ. ಸಿ.ಕೆ. ಅಂದರೆ ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ವಸ್ತು. ಆರಾಮಾಗಿರುವ ಕುದುರೆಗೆ ಮುನ್ನೂರು ಇದ್ದರೆ ಹೆಚ್ಚು. ಹಿಂದಿನ ವಾರ ಟೋರಿಗೆ ಹದಿನೆಂಟು ಸಾವಿರ! ಇನ್ನು ಕೆಲವು ತಿಂಗಳು ಓಡಿಸಲೇಬೇಡಿ ಅಂದಿದ್ದಳು ಸಾಮಲ್. ಮೊನ್ನೆಯ ಪರೀಕ್ಷೆಯಲ್ಲಿ ಬರೀ ಇನ್ನೂರ ಅರವತ್ತು. ಕಾಬ್ದೇಶ ಕುಣಿದಾಡಿಬಿಟ್ಟಿದ್ದ.

ರಕ್ತದ ಸೀಸೆ ನನ್ನ ಕೈಗೆ ಕೊಟ್ಟವನು ಈ ಬೈದಾಲಿ. ಟೋರಿಯನ್ನು ಮರಿಯಿಂದ ಪಳಗಿಸಿದವನು. ಬೆವರು ನೆಕ್ಕಿಯೇ ಕುದುರೆ ಓಟಕ್ಕೆ ಸಿದ್ಧವೋ ಇಲ್ಲವೋ ಹೇಳುವ ಮುದುಕ.

ಹೋಗಿ ಅವನ ಕೊರಳಪಟ್ಟಿ ಹಿಡಿದೆ. ಸೊಂಟದ ಚಾಕು ಕಿತ್ತು ನನ್ನ ಬೂಟಿಗೆ ತುರುಕಿದೆ.

"ಯಾರ ರಕ್ತ, ಆತಾ?" ಅಜ್ಜಂದಿರನ್ನು ನಾವು ಹಾಗೇ ಕರೆಯುವುದು, ಹೊಡೆಯಲು ಹೋದಾಗಲೂ.

"ನನ್ನ ಮುದಿ ಹೆಣ್ಣುಕುದುರೇದು."

"ಯಾಕೆ?!"

"ಓಡದಿದ್ರೆ ಚಳಿಗಾಲದ ಮಾಂಸಕ್ಕೆ ಕಡೀತೀನಿ ಅಂದ ಕಣೋ ಕಾಬ್ದೇಶ! ಬೆವರು ನೆಕ್ಕಿ ನೋಡಿದೆ. ನೀರಿನ ಹಾಗೆ ತಿಳಿಯಾಗಿತ್ತು. ಓಡುತ್ತೆ ಅಂದ್ಕೊಂಡೆ... ಐವತ್ತು ವರ್ಷ ಈ ನಾಲಿಗೆ ತಪ್ಪಿರ್ಲಿಲ್ಲ ಎರ್ಮೆಕ್..."

ಮುದುಕ ಅತ್ತೇಬಿಟ್ಟ. ಎತ್ತಿದ ಕೈ ಇಳಿಸಿದೆ.

ಕಾಬ್ದೇಶನ ಹತ್ತಿರ ಓಡಿದೆ. ಹೊಸ ಸೂಟು ಹಾಕಿಕೊಂಡು ಕುಳಿತಿದ್ದ.

"ಧಣಿ, ಕುದುರೆ ಸಾಯುತ್ತೆ! ನಿಲ್ಲಿಸಿ!"

"ಓಡ್ಲಿ ಬಿಡೋ! ಬಿದ್ರೆ ಕೊಯ್ಯೋಣ. ಮಾಂಸ ಎಲ್ಲಿಗೆ ಹೋಗುತ್ತೆ?"

ನಕ್ಕ. ಪಿತ್ತ ನೆತ್ತಿಗೇರಿತು. ಮುದುಕನನ್ನು ಜೀಪಿಗೆ ಹತ್ತಿಸಿದೆ, ಬೇಲಿ ಮುರಿದು ಓಟದ ದಾರಿಗೇ ನುಗ್ಗಿದೆ.

ಧೂಳು ಇಳಿಯಿತು. ದೂರದಲ್ಲಿ, ಎಲ್ಲರಿಗಿಂತ ಹಿಂದೆ, ಒಂದೇ ಒಂದು ಕುದುರೆ.

ಟೋರಿ!

ಹಿಂಗಾಲು ಮರದ ಕೊರಡಿನ ಹಾಗೆ ಸೆಟೆದಿದ್ದವು. ಆದರೂ ಓಡಲು ನೋಡುತ್ತಿತ್ತು. ಸವಾರ ಜಿಗಿದು ಇಳಿದ. ಟೋರಿ ಎರಡು ಹೆಜ್ಜೆ ಇಟ್ಟಿತು. ಕಪ್ಪು ಚಹಾದ ಬಣ್ಣದ ಮೂತ್ರ ಹೊಯ್ದಿತು. ಬಿತ್ತು.

ಬೈದಾಲಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಟೋರಿಯ ಕಣ್ಣು ಆಗಲೇ ಮಂಜಾಗಿತ್ತು. ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ನನಗೂ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಾರು ಬಂದು ನಿಂತಿತು. ಕಾಬ್ದೇಶ ಒಬ್ಬನೇ ಇಳಿದು ಓಡಿಬಂದ.

"ಚಾಕು! ಬೇಗ ಚಾಕು ಕೊಡ್ರೋ! ಜೀವ ಇರುವಾಗ್ಲೇ ಬಿಸ್ಮಿಲ್ಲಾ ಅಂತ ಕೊಯ್ಯಬೇಕು! ತಾನಾಗಿ ಸತ್ರೆ ಹರಾಮ್, ತುಂಡೂ ತಿನ್ನೋ ಹಾಗಿಲ್ಲ, ಎಲ್ಲಾ ಮಣ್ಣಿಗೆ!"

ಮುದುಕ ತನ್ನ ಖಾಲಿ ಸೊಂಟ ಮುಟ್ಟಿಕೊಂಡ. ನನ್ನ ಬೂಟು ನೋಡಿದ. ಆಮೇಲೆ ನನ್ನ ಮುಖ. ತುಟಿ ಮಾತ್ರ ಅಲುಗಿತು. "ಬೇಡ."

"ಎರ್ಮೆಕ್! ಚಾಕು ಎಲ್ಲೋ?!"

"ಹುಡುಕ್ತಿದೀನಿ ಧಣಿ!"

ಜೇಬು ತಡಕಿದೆ. ಸೀಟಿನ ಅಡಿ ನೋಡಿದೆ. ಡಿಕ್ಕಿ ತೆಗೆದೆ, ಸ್ಟೆಪ್ನಿ ಎತ್ತಿದೆ, ನಿಧಾನವಾಗಿ ಮತ್ತೆ ಇಟ್ಟೆ. ಅಷ್ಟು ಶ್ರದ್ಧೆಯಿಂದ ಜೀವಮಾನದಲ್ಲಿ ಏನನ್ನೂ ಹುಡುಕಿರಲಿಲ್ಲ.

ಬೈದಾಲಿ ಟೋರಿಯ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ಕೊನೆಗೆ ಕಿವಿ ಅಲುಗುವುದು ನಿಂತಿತು. ಅವನು ಬಗ್ಗಿ ಅದರ ಹಣೆಯ ಬೆವರಿಗೆ ತುಟಿ ಒತ್ತಿದ.

"ಹರಾಮಾಗಿ ಹೋಯ್ತಲ್ಲೋ!" ಕಾಬ್ದೇಶ ಕೂಗಾಡಿದ. "ನಾಳೆಯಿಂದ ನನ್ನ ಕಣ್ಣಿಗೆ ಬೀಳ್ಬೇಡಿ, ಇಬ್ರೂ!"

ಕಾರು ಹೋಯಿತು. ಸಂಜೆಯವರೆಗೆ ಮುದುಕನೂ ನಾನೂ ಗುಂಡಿ ತೋಡಿದೆವು. ಕುದುರೆಯ ಅಳತೆಯ ಗುಂಡಿ ತೋಡುವುದು ಸಣ್ಣ ಕೆಲಸವಲ್ಲ.

ಚಾಕು ಸಿಗದೇ ಏನು... ಪ್ರತಿ ಸಲ ಗುದ್ದಲಿ ಎತ್ತಿದಾಗಲೂ ಕಾಲಿಗೆ ಚುಚ್ಚುತ್ತಿತ್ತು!