ಬೈಕ್ ಸರಿಯಾದ ಮೇಲೂ

ತಾಯಲೂರು ರಸ್ತೆಯ ತಿರುವಿನಲ್ಲಿ 'ಟಕ ಟಕ ಟಕ' ಸದ್ದು ಕೇಳಿದ್ದೇ ತಡ, ಕದಿರೇಶನ ಕೈಯಲ್ಲಿದ್ದ ಸ್ಪಾನರ್ ನಿಂತುಹೋಯಿತು. ಆ ಬೈಕು ರಂಜಿತಳದು. ಮುಳಬಾಗಿಲಿನ ಅವನ ಗ್ಯಾರೇಜಿಗೆ ಎಷ್ಟೋ ಗಾಡಿಗಳು ಬರುತ್ತವೆ. ಈ ಗಾಡಿ ಬಂದಾಗ ಮಾತ್ರ ಅವನು ಪಕ್ಕದ ಸ್ಕೂಟರಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾನೆ.

ಇವತ್ತು ನೋಡಿಕೊಳ್ಳಲಿಲ್ಲ, ಸಿಟ್ಟು ಬಂತು. ಹೋದ ವಾರವಷ್ಟೇ ತಾನೇ ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಸೆಟ್ ಮಾಡಿ ಕಳಿಸಿದ್ದ ಗಾಡಿ ಅದು.

"ಏನ್ರೀ ಇದು, ಹಿಂಗೆ ಬಡ್ಕೊಳ್ತಿದೆ?"

"ನನ್ನ ಕೇಳಿದ್ರೆ? ಮೆಕ್ಯಾನಿಕ್ ನೀವಾ, ನಾನಾ?"

ರಂಜಿತ ಹೆಲ್ಮೆಟ್ ತೆಗೆದು ಜಡೆ ಹಿಂದಕ್ಕೆ ಎಸೆದಳು. ತಾಯಲೂರಿನಲ್ಲಿ ರೇಷ್ಮೆಯ ಮರಿಹುಳು ಸಾಕಿ ಸುತ್ತಲಿನ ರೈತರಿಗೆ ಮಾರುವವಳು. ಅಪ್ಪನ ಹಳೇ ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಾಳೆ. ಯಾರಾದರೂ ಬಾಯಿ ಬಿಟ್ಟುಕೊಂಡು ನೋಡಿದರೆ, "ಮುಚ್ಚಿ, ನೊಣ ಹೋಗುತ್ತೆ" ಎಂದು ಹೇಳಿಯೇ ಮುಂದೆ ಹೋಗುವವಳು.

ಕದಿರೇಶ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡ. ಇಂಜಿನ್ನಿನ ಪಕ್ಕದಲ್ಲಿ ಒಳಗಿನ ಚೈನಿನ ಸದ್ದು ಸರಿಯಾಗಿತ್ತು. ಮೇಲಿನ ಮುಚ್ಚಳದ ಹತ್ತಿರ ಬಂದಾಗ ಕಿವಿಗೆ ಸುತ್ತಿಗೆಯಲ್ಲಿ ಹೊಡೆದಂತಾಯಿತು.

"ವಾಲ್ವ್‌ದೇ. ಟ್ಯಾಪೆಟ್ ಸಡಿಲ ಆಗಿದೆ."

"ಬಿಚ್ಚಿ ಮತ್ತೆ."

"ಇಂಜಿನ್ ಬಿಸಿ ಇದ್ದಾಗ ಮುಟ್ಟೋ ಹಾಗಿಲ್ಲ, ಅಳತೆ ತಪ್ಪುತ್ತೆ. ತಣ್ಣಗಾಗೋವರೆಗೂ ಕಾಯ್ಬೇಕು."

"ಕಾಯ್ತೀನಿ," ಎಂದು ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಕಾಯಬೇಕು ಎಂದರೆ ಇಷ್ಟು ಖುಷಿಪಡುವ ಗಿರಾಕಿಯನ್ನು ಅವನು ಕಂಡಿರಲಿಲ್ಲ.

ಟೀ ಬಂತು. ಲೋಟದ ಅಂಚಿನಿಂದ ಅವಳು ಅವನನ್ನು ನೋಡಿದಳು. ಅವನು ಟೈರುಗಳನ್ನು ನೋಡಿದ.

"ಭಾನುವಾರ ಮಾಲೂರಿಂದ ಹುಡುಗನ ಕಡೆಯವರು ಬರ್ತಾರೆ. ಎಲ್ಲಾ ನಮ್ಮಣ್ಣ ವೆಂಕಟನ ಏರ್ಪಾಡು. ಬೈಕ್ ಕೆಟ್ರೆ ಮಾತ್ರ ಆ ಗ್ಯಾರೇಜಿಗೆ ಹೋಗು, ಇಲ್ದಿದ್ರೆ ಆ ಕಡೆ ತಲೆ ಹಾಕ್ಬೇಡ ಅಂತ ಆರ್ಡರ್ ಬೇರೆ."

"ಯಾಕಂತೆ?"

"ಊರೋರಿಗೆಲ್ಲ ಕಣ್ಣಿದೆ. ನಿಮಗೊಬ್ಬರಿಗೇ ಇಲ್ಲ."

ಕದಿರೇಶ ಗಬಕ್ಕನೆ ಟೀ ಕುಡಿದು ನಾಲಿಗೆ ಸುಟ್ಟುಕೊಂಡ.

ಇಂಜಿನ್ ತಣ್ಣಗಾದ ಮೇಲೆ ಮುಚ್ಚಳ ತೆಗೆದ. ವಾಲ್ವನ್ನು ಒತ್ತುವ ರಾಕರನ್ನು ಬೆರಳಿನಿಂದ ಅಲುಗಾಡಿಸಿದರೆ ಹಾಲುಹಲ್ಲಿನಂತೆ ಅಲ್ಲಾಡಿತು. ಅದರ ನಟ್ಟು ನೋಡಿದ್ದೇ ಅವನ ಮುಖ ಕಪ್ಪಿಟ್ಟಿತು. ಯಾರೋ ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಿ ನಟ್ಟಿನ ಅಂಚನ್ನೆಲ್ಲ ತಿಂದುಹಾಕಿದ್ದರು. ಬೇರೆಯವರ ಕೈ! ಅವನು ಸ್ಪಾನರನ್ನು ಠಣ್ಣನೆ ಕೆಳಗೆ ಹಾಕಿದ.

"ಯಾರ ಹತ್ರ ಹೋಗಿದ್ರಿ? ಕೋಲಾರದಲ್ಲಾ, ಶ್ರೀನಿವಾಸಪುರದಲ್ಲಾ? ನನ್ನ ಕೆಲಸ ಹಿಡಿಸಲಿಲ್ಲ ಅಂದ್ರೆ ಹೇಳ್ಬೇಕಿತ್ತು. ಇಂಥಾ ದಡ್ಡನ ಕೈಗೆ ಗಾಡಿ ಕೊಡೋದಾ?"

"ಬಾಯಿಗೆ ಬಂದಂಗೆ ಬೈಬೇಡಿ. ಆ ದಡ್ಡಿ ನಾನೇ."

"ಏನು?"

"ನಾನೇ ಬಿಚ್ಚಿದ್ದು. ನೀವು ಮಾಡೋದನ್ನ ಎಷ್ಟು ಸಲ ನೋಡಿಲ್ಲ? ನಟ್ಟು ಸಡಿಲ ಮಾಡ್ದೆ, ಸ್ಕ್ರೂ ಹಿಂದಕ್ಕೆ ತಿರುಗಿಸ್ದೆ. ಬೈಕ್ ಕೆಟ್ರೆ ಮಾತ್ರ ಹೋಗು ಅಂದ್ರೆ ಏನ್ಮಾಡ್ಲಿ? ಕೆಡಿಸ್ದೆ."

ಅವಳ ಕಣ್ಣಿನಲ್ಲಿ ಅಳುಕು ಎನ್ನುವುದು ಹುಡುಕಿದರೂ ಇರಲಿಲ್ಲ. ಕದಿರೇಶ ನಟ್ಟನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಅಲ್ರೀ... ರಾಕರ್ ಸವೆದು ಹೋಗಿದ್ರೆ?"

"ಅಯ್ಯೋ ದೇವುಡಾ! ಭಾನುವಾರ ನನ್ನ ನೋಡೋಕೆ ಬರ್ತಾರೆ ಅಂದ್ರೆ, ನೀನು ರಾಕರ್ ಬಗ್ಗೆ ಕೇಳ್ತೀಯಲ್ಲೋ!"

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಕೇಳಿಸಿತು.

"ನಂಗೆ ಗೇಣು ಜಮೀನಿಲ್ಲ ರಂಜಿತ. ಈ ಶೆಡ್ಡೂ ಬಾಡಿಗೇದು."

"ಜಮೀನು ಕೇಳಿದ್ನಾ? ನಾನು ಇಷ್ಟಾನಾ, ಇಲ್ವಾ?"

"ಇಷ್ಟ," ಎಂದ ಅವನು. ಹೇಳಿದ ಮೇಲೆ ಅವನಿಗೇ ಧೈರ್ಯ ಬಂತು. "ತುಂಬಾ ಇಷ್ಟ. ನೀನು ಮೊದಲ್ನೇ ಸಲ ಆಯಿಲ್ ಚೇಂಜಿಗೆ ಬಂದಾಗಿಂದ."

"ಅದನ್ನ ಹೇಳೋಕೆ ಒಂದು ನಟ್ಟು ಸಾಯ್ಬೇಕಿತ್ತಾ?"

ಅವನು ಹೊಸ ನಟ್ಟು ಹಾಕಿದ. ಇಂಜಿನ್ನನ್ನು ಕೈಯಿಂದ ತಿರುಗಿಸಿ ಗುರುತಿಗೆ ತಂದು ನಿಲ್ಲಿಸಿ, ಸಂದಿನ ಅಳತೆ ನೋಡುವ ಫೀಲರ್ ಗೇಜಿನ ತೆಳು ಪಟ್ಟಿಯನ್ನು ರಾಕರಿನ ಅಡಿಗೆ ತೂರಿಸಿದ. ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟು, ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ಪಟ್ಟಿ ಎಳೆದ್ರೆ ಸ್ವಲ್ಪ ಹಿಡಿದು ಬರ್ಬೇಕು. ಸಡಿಲ ಬಿಟ್ರೆ ಬಡ್ಕೊಳ್ಳುತ್ತೆ, ತೀರಾ ಬಿಗಿ ಮಾಡಿದ್ರೆ ವಾಲ್ವೇ ಸುಟ್ಟುಹೋಗುತ್ತೆ."

"ಇದನ್ನ ನಮ್ಮಣ್ಣಂಗೆ ಹೇಳು."

ಅವಳ ಮಣಿಕಟ್ಟಿಗೆ ಅವನ ಬೆರಳಿನ ಗ್ರೀಸ್ ಅಂಟಿತು. ಅವಳು ಒರೆಸಿಕೊಳ್ಳಲಿಲ್ಲ.

ಅವನು ಮುಚ್ಚಳ ಹಾಕಿದ ಮೇಲೆ ಅವಳು ಕಿಕ್ ಹೊಡೆದಳು. ಟಕಟಕ ಮಾಯವಾಗಿತ್ತು. ಅಷ್ಟರಲ್ಲಿ ಫೋನ್ ಬಂತು. ವೆಂಕಟ. ರಂಜಿತ ಇಂಜಿನ್ ಆಫ್ ಮಾಡಿ, ಬೇಕೆಂದೇ ಸ್ಪೀಕರ್ ಹಾಕಿದಳು.

"ಎಲ್ಲಿದ್ದೀಯೇ?"

"ಗ್ಯಾರೇಜಲ್ಲಿ."

"ಇನ್ನೂ ಸರಿ ಹೋಗಿಲ್ವಾ ಬೈಕು?"

"ಆಗ್ಲೇ ಸರಿ ಹೋಯ್ತು."

"ಮತ್ತೆ?"

"ಸರಿಯಾದ ಮೇಲೂ ಇಲ್ಲೇ ಇದ್ದೀನಿ ಅಣ್ಣ. ಮಾಲೂರಿನೋರಿಗೆ ಬರಬೇಡಿ ಅಂತ ಹೇಳ್ಬಿಡು."

ಕದಿರೇಶ ಕೈ ಒರೆಸಿಕೊಂಡು ಫೋನಿಗೆ ಬಗ್ಗಿದ.

"ವೆಂಕಟಣ್ಣ, ನಾನು ಕದಿರೇಶ. ಈಗ ನಿಮ್ಮನೆಗೇ ಬರ್ತಿದ್ದೀನಿ. ಬೈಯೋದಿದ್ರೆ ಎದುರಿಗೇ ಬೈಯಿರಿ."

ಅವನು ಹ್ಯಾಂಡಲ್ ಹಿಡಿಯಲು ಹೋದ. ಅವಳು ಹುಬ್ಬೇರಿಸಿದಳು. "ಗಾಡಿ ನಂದು. ಹಿಂದೆ ಕೂತ್ಕೋ."

ಕೂತುಕೊಂಡ. ತಾಯಲೂರು ಹತ್ತಿರವಾಯಿತು. ಡೇರಿಯ ಮುಂದೆ ಅರ್ಧ ಊರೇ ಹಾಲಿನ ಕ್ಯಾನ್ ಹಿಡಿದು ನಿಂತಿತ್ತು.

"ಈಗ ಗಾಡಿ ಸದ್ದಿಲ್ಲ," ಎಂದ ಕದಿರೇಶ ಅವಳ ಕಿವಿಯ ಹತ್ತಿರ. "ಬೇಗ ಹೋದ್ರೆ ಯಾರೂ ನೋಡಲ್ಲ."

"ನೋಡ್ಲಿ ಅಂತಲೇ ಹೋಗ್ತಿರೋದು ಕಣೋ."

ರಂಜಿತ ವೇಗ ತಗ್ಗಿಸಿ ಹಾರ್ನ್ ಒತ್ತಿದಳು. ಮನೆ ಬಾಗಿಲು ಬರುವವರೆಗೂ ಬೆರಳು ತೆಗೆಯಲಿಲ್ಲ.