ಕಾಯದೇ ಹೊರಟ ಗಾಡಿ

ಚನ್ನೇಶನನ್ನು ನಾನು ಮೊದಲು ನೋಡಿದ್ದು ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರ ಒಂದು ಬಾವಿಯ ದಂಡೆಯಲ್ಲಿ. ನೋಡಿದ ಕೂಡಲೇ ಮಾಡಿದ ಕೆಲಸ ಅವನಿಗೆ ಬೈದಿದ್ದು.

ಬಾವಿಗೆ ಬಿದ್ದ ಒಬ್ಬ ಮುದುಕರನ್ನು ಗುಬ್ಬಿ ಫೈರ್ ಸ್ಟೇಷನ್ನಿನವರು ಹಗ್ಗ ಕಟ್ಟಿ ಮೇಲೆತ್ತಿದ್ದರು. ನಾನು ಮಾಲಿನಿ, ೧೦೮ ಆಂಬುಲೆನ್ಸಿನಲ್ಲಿ ಬರುವ ಸಿಸ್ಟರ್. ನಾನು ಕುತ್ತಿಗೆಗೆ ಪಟ್ಟಿ ಹಾಕುವ ಮೊದಲೇ ಫೈರಿನವರಲ್ಲಿ ಒಬ್ಬನಾದ ಈ ಮಹಾನುಭಾವ ಮುದುಕರನ್ನು ಕೂಸಿನ ಹಾಗೆ ಎತ್ತಿಕೊಂಡು ನನ್ನ ಗಾಡಿಯತ್ತ ಹೊರಟಿದ್ದ. ಇಳಿಸ್ರೀ ಕೆಳಗೆ, ಕುತ್ತಿಗೆ ಮೂಳೆ ಮುರಿದಿದ್ದರೆ ನೀವು ಜೋಡಿಸುತ್ತೀರಾ ಎಂದು ಊರವರೆಲ್ಲರ ಮುಂದೆ ಕೇಳಿದೆ. ಕೂಡಲೇ ಇಳಿಸಿದ. ನಾನು ಗಾಡಿಯ ಬಾಗಿಲು ಹಾಕುವಾಗ ಹತ್ತಿರ ಬಂದು, ಒದ್ದೆ ಮುಖವನ್ನು ತೋಳಿನಿಂದ ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದ.

"ಭಾನುವಾರ ಕೆಂಪು ಗಾಡಿ ಸೀರಿಯಲ್ ನೋಡ್ತಿದ್ರಾ ನೀವು? ಅದ್ರಲ್ಲಿ ಆಂಬುಲೆನ್ಸ್ ಹುಡುಗಿ ಹಿಂಗೇ ಬೈತಿದ್ಲು."

ಸಿಟ್ಟು ಬರಬೇಕಿತ್ತು. ಹಾಳಾದ್ದು, ನಗು ಬಂತು.

ಆ ಸೀರಿಯಲ್ಲಿನ ಅಸಲಿ ಹೆಸರು ನಮ್ಮಿಬ್ಬರಿಗೂ ನೆನಪಿಲ್ಲ. ನಾವು ಚಿಕ್ಕವರಿದ್ದಾಗ ಟಿವಿಯಲ್ಲಿ ಬರುತ್ತಿತ್ತು. ಯಾವುದೋ ಪರದೇಶದ್ದು, ಅದಕ್ಕೆ ಕನ್ನಡದ ಮಾತು ಕೂರಿಸಿದ್ದರು. ಒಂದು ಕೆಂಪು ಗಾಡಿ, ಒಂದು ಬಿಳಿ ಗಾಡಿ, ಬೆಂಕಿಗೆ ನುಗ್ಗುವ ಅವನು, ಹೊರಗೆ ಆಂಬುಲೆನ್ಸಿಗೆ ಒರಗಿ ಕಾಯುವ ಅವಳು. ಎಷ್ಟೇ ಹೊತ್ತಾಗಲಿ, ಅವನು ಹೊಗೆಯಿಂದ ಹೊರಗೆ ಬರುವವರೆಗೂ ಅವಳ ಗಾಡಿ ಅಲ್ಲಾಡುತ್ತಿರಲಿಲ್ಲ. ಆ ಕಾಯುವಿಕೆ ನೋಡಿಯೇ ನಾನು ಈ ಕೆಲಸಕ್ಕೆ ಬಂದವಳು ಎಂದರೆ ಯಾರಾದರೂ ನಕ್ಕಾರು.

ಯಾರೋ ಪುಣ್ಯಾತ್ಮರು ಅದನ್ನೆಲ್ಲ ಯೂಟ್ಯೂಬಿಗೆ ಹಾಕಿದ್ದರು. ನಮ್ಮ ಗಾಡಿ ಓಡಿಸುವ ಪೈಲಟ್ ಬೆಟ್ಟಯ್ಯಣ್ಣನನ್ನು ಹಿಡಿದು ನನ್ನ ನಂಬರ್ ಪಡೆದು, ಚನ್ನೇಶ ಲಿಂಕ್ ಕಳಿಸಿದ. ಅಲ್ಲಿಂದ ಶುರುವಾಯಿತು. ನಾನಿರುವ, ತುಮಕೂರಿನ ಬಟವಾಡಿಯ ಒಂದು ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ, ಒಂದೇ ಇಯರ್‌ಫೋನನ್ನು ಇಬ್ಬರೂ ಒಂದೊಂದು ಕಿವಿಗೆ ಹಾಕಿಕೊಂಡು, ಕಾಫಿ ಆರುವವರೆಗೆ ನೋಡುತ್ತಿದ್ದೆವು. ನಾನು ಕಣ್ಣು ಮಿಟುಕಿಸದೆ ಫೋನ್ ನೋಡಿದರೆ ಅವನು ನೋಡುತ್ತಿದ್ದುದು ನನ್ನನ್ನು. ಏನು ಎಂದು ಹುಬ್ಬು ಹಾರಿಸಿದರೆ, ಏನಿಲ್ಲ ಎಂದು ಲೋಟದೊಳಗೆ ಇಣುಕುತ್ತಿದ್ದ. ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಅವನಿಗೆ ಆ ಸೀರಿಯಲ್ಲಿನಲ್ಲಿ ಬರೀ ತಪ್ಪುಗಳೇ ಕಾಣುತ್ತಿದ್ದವು. ಬೆಂಕಿ ಆರಿದ ಮೇಲೆ ಒಬ್ಬನಾದರೂ ಪೈಪು ಸುತ್ತುತ್ತಾನಾ ನೋಡು, ಎಲ್ಲ ಕಾಫಿಗೆ ಹೊರಟುಬಿಡುತ್ತಾರೆ ಎಂದು ಗೊಣಗುತ್ತಿದ್ದ. ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತಾ ಬಂದರೆ ಅದು ತಾನಾಗಿ ವಿಸಲ್ ಹೊಡೆಯುತ್ತದಂತೆ, ಕೂಡಲೇ ಹೊರಗೆ ಬರಬೇಕಂತೆ. ಇವರ ಸಿಲಿಂಡರ್ ಜನ್ಮದಲ್ಲಿ ವಿಸಲ್ ಹೊಡೆಯಲ್ಲ ಎಂದು ನಗುತ್ತಿದ್ದ. ನಾನೂ ನಕ್ಕೆ. ಮನೆಗೆ ಹೋದ ಮೇಲೆ ಆ ವಿಸಲ್ ಮಾತು ಎದೆಯಲ್ಲಿ ಕೂತುಬಿಟ್ಟಿತು.

ಅವನು ಮದುವೆ ಆಗೋಣವಾ ಎಂದು ಕೇಳಿದ ದಿನ ನನಗೆ ಖುಷಿಗಿಂತ ಮೊದಲು ಭಯವಾಯಿತು. ಸುಟ್ಟವರನ್ನು ಈ ಕೈಯಿಂದ ಮುಟ್ಟಿದ್ದೇನೆ. ಅವರ ಹೆಂಡಂದಿರು ಆಸ್ಪತ್ರೆ ಬಾಗಿಲಲ್ಲಿ ಚಪ್ಪಲಿಯಿಲ್ಲದೆ ನಿಂತಿರುವುದನ್ನು ನೋಡಿದ್ದೇನೆ. ಫೋನ್ ರಿಂಗಾದರೆ ಅವನದೇ ಸುದ್ದಿ ಎಂದು ಬೆಚ್ಚಿಬೀಳುವ ಬದುಕು ನನ್ನ ಕೈಲಾಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಕುಣಿಗಲ್‌ನಲ್ಲಿ ಅವನ ಸೋದರಮಾವನ ಟೈಲ್ಸ್ ಅಂಗಡಿಯಿದೆ. ಆ ಅಂಗಡಿ ನೋಡಿಕೊಳ್ಳುವುದಾದರೆ ಮದುವೆ, ಬೆಂಕಿಯೇ ಬೇಕೆಂದರೆ ನಾನಿಲ್ಲ.

ಅವನು ಇಯರ್‌ಫೋನನ್ನು ಪೈಪಿನ ಹಾಗೆ ಸುತ್ತಿ ಟೇಬಲ್ಲಿನ ಮೇಲಿಟ್ಟ. ಆಮೇಲೆ, ಆಯ್ತು ಬಿಡು, ಈ ತಿಂಗಳು ಮುಗಿದ ಮೇಲೆ ರಾಜೀನಾಮೆ ಕೊಡ್ತೀನಿ ಎಂದ. ಗೆದ್ದವಳು ನಾನೇ. ಆದರೆ ಆವತ್ತಿನಿಂದ ಅವನು ಸೀರಿಯಲ್ಲಿನ ತಪ್ಪು ಹುಡುಕುವುದನ್ನು ನಿಲ್ಲಿಸಿದ. ಪೈಪು ಸುತ್ತದಿದ್ದರೂ ಸುಮ್ಮನೆ ನೋಡುತ್ತಿದ್ದ.

ರಾಜೀನಾಮೆಗೆ ಇನ್ನೂ ದಿನವಿರುವಾಗಲೇ ತುಮಕೂರಿನ ಪಕ್ಕದ ಅಂತರಸನಹಳ್ಳಿಯಲ್ಲಿ ಒಂದು ಹಾಸಿಗೆ ಗೋಡೌನಿಗೆ ಬೆಂಕಿ ಬಿತ್ತು.

ಮಧ್ಯಾಹ್ನದ ಬಿಸಿಲನ್ನೇ ನುಂಗುವಂಥ ಕಪ್ಪು ಹೊಗೆ ಹೈವೇಯಿಂದಲೇ ಕಾಣುತ್ತಿತ್ತು. ಫೋಮ್ ಹೊತ್ತಿಕೊಂಡರೆ ಬೆಂಕಿಗಿಂತ ಹೊಗೆಯೇ ಕೊಲ್ಲುತ್ತದೆ, ಅದು ನನಗೆ ಗೊತ್ತು. ನಮ್ಮ ಗಾಡಿಯನ್ನು ಗೇಟಿನ ಹತ್ತಿರ ರಸ್ತೆಗೆ ಮುಖ ಮಾಡಿ ನಿಲ್ಲಿಸಿದರು. ತುಮಕೂರಿನ ಗಾಡಿಗಳು ಆಗಲೇ ನೀರು ಬಿಡುತ್ತಿದ್ದವು. ಹಿಂದೆಯೇ ಗುಬ್ಬಿಯ ಗಾಡಿ ಬಂತು. ದೇವರೇ, ಅವನ ಡ್ಯೂಟಿ ಆಗದಿರಲಿ ಎಂದುಕೊಳ್ಳುವಷ್ಟರಲ್ಲಿ ಅವನೇ ಕೆಳಗೆ ಹಾರಿದ.

ಮಾಸ್ಕ್ ಹಾಕಿಕೊಳ್ಳುವ ಮೊದಲು ಒಮ್ಮೆ ನನ್ನ ಕಡೆ ತಿರುಗಿದ. ಹೋಟೆಲಿನಲ್ಲಿ ನಾನು ಮಾಡುವ ಹಾಗೆ ಹುಬ್ಬು ಹಾರಿಸಿದ. ನನಗೆ ನಗಲಾಗಲಿಲ್ಲ. ಇನ್ನೊಬ್ಬನ ಜೊತೆ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದ, ಹೊಗೆ ಅವನ ಬೆನ್ನನ್ನೂ ಮುಚ್ಚಿತು.

ಅಲ್ಲಿಂದಾಚೆಗೆ ನನಗಿದ್ದದ್ದು ಕಿವಿ ಮಾತ್ರ. ಶೀಟು ಸಿಡಿಯುವ ಸದ್ದು, ನೀರಿನ ಸದ್ದು, ಜನರ ಕೂಗಾಟ. ಆಕ್ಸಿಜನ್ ಸರಿಯಿದೆಯಾ ಎಂದು ನೋಡಿದ್ದನ್ನೇ ಮತ್ತೆ ನೋಡಿದೆ. ಬೆಟ್ಟಯ್ಯಣ್ಣ ಕೊಟ್ಟ ನೀರಿನ ಬಾಟಲಿಯನ್ನು ತೆರೆಯದೆಯೇ ಸೀಟಿನ ಮೇಲಿಟ್ಟೆ.

ಆಗ ಒಬ್ಬ ಕೆಲಸಗಾರ ಶಟರಿನ ಕೆಳಗಿನಿಂದ ಉರುಳಿ ಬಂದ. ಯಾರೋ ಒಳಗಿನಿಂದ ನೂಕಿದ ಹಾಗೆ ಬಂದು ಬಿದ್ದ. ಮೂಗಿನ ಸುತ್ತ ಮಸಿ, ಗಂಟಲಿನಿಂದ ಗೊರಗೊರ ಸದ್ದು. ಗಂಟಲು ಸುಟ್ಟಿದೆ, ಊದುತ್ತಿದೆ, ತಡಮಾಡಿದರೆ ಉಸಿರು ಕಟ್ಟುತ್ತದೆ. ಸ್ಟ್ರೆಚರಿಗೆ ಹಾಕಿ ಆಕ್ಸಿಜನ್ ಕೊಟ್ಟೆ. ಅವನು ನನ್ನ ಮಣಿಕಟ್ಟು ಹಿಡಿದು, ಒಳಗ್ ಒಬ್ರು ಅವ್ರೆ, ನನ್ನ ತಳ್ಳಿದ್ರು, ಅವ್ರ್ ಮೇಲೆ ಏನೋ ಬಿತ್ತು ಎಂದು ಹೇಗೋ ಹೇಳಿದ.

ಚನ್ನೇಶನ ಜೊತೆ ಹೋದವನು ಕೆಮ್ಮುತ್ತಾ ಹೊರಗೆ ಬಂದ. ಒಬ್ಬನೇ ಬಂದ.

ಅದೇ ಹೊತ್ತಿಗೆ ಒಳಗಿನಿಂದ ವಿಸಲ್ ಕೇಳಿಸಿತು. ಸಣ್ಣಗೆ, ಎಡೆಬಿಡದೆ.

ನಾನು ಗಾಡಿಯ ಬಾಗಿಲು ಹಿಡಿದು ನಿಂತಿದ್ದೆ. ಒಂದು ಕಾಲು ಒಳಗೆ, ಒಂದು ಕಾಲು ನೆಲದ ಮೇಲೆ. ಸೀರಿಯಲ್ಲಿನ ಆ ಹುಡುಗಿಯಾಗಿದ್ದರೆ ಕಾಯುತ್ತಿದ್ದಳು. ಆದರೆ ಅವಳ ಗಾಡಿಯೊಳಗೆ ಉಸಿರಿಗೆ ಒದ್ದಾಡುವ ಇನ್ನೊಬ್ಬನನ್ನು ಯಾರೂ ಯಾವತ್ತೂ ಮಲಗಿಸಿರಲಿಲ್ಲ. ಇನ್ನೊಂದು ಆಂಬುಲೆನ್ಸ್ ದಾರಿಯಲ್ಲಿದೆ ಎಂದು ಯಾರೋ ಕೂಗಿದರು. ಬೆಟ್ಟಯ್ಯಣ್ಣನಿಗೆ ಎಲ್ಲ ಗೊತ್ತು. ಕನ್ನಡಿಯಲ್ಲಿ ನನ್ನ ಮುಖ ನೋಡಿ ಕೇಳಿದರು.

"ಸಿಸ್ಟರ್, ಒಂದ್ನಿಮಿಷ ನೋಡಾನಾ?"

"ಹೊರಡಿ ಅಣ್ಣ," ಎಂದೆ. ಬಾಗಿಲು ಎಳೆದುಕೊಂಡೆ. ವಿಸಲ್ ಇನ್ನೂ ಕೇಳಿಸುತ್ತಿತ್ತು.

ಜಿಲ್ಲಾಸ್ಪತ್ರೆಯವರೆಗೆ ನಾನು ಅಳಲಿಲ್ಲ. ಆ ಕೆಲಸಗಾರನ ಉಸಿರು ನೋಡುತ್ತಾ, ನಾಡಿ ನೋಡುತ್ತಾ, ಮಾತಾಡಿಸುತ್ತಾ ಹೋದೆ. ಹೆಸರು ಅನಂತರಾಜು. ಏನೂ ಆಗಲ್ಲ ಅನಂತರಾಜು, ನಾನಿದೀನಿ ಎಂದು ಹೇಳುತ್ತಲೇ ಇದ್ದೆ. ಚನ್ನೇಶನಿಗೆ ಹೇಳಬೇಕಾಗಿದ್ದ ಮಾತನ್ನೆಲ್ಲ ಗುರುತು ಪರಿಚಯವಿಲ್ಲದ ಅವನಿಗೆ ಹೇಳಿದೆ. ಡಾಕ್ಟರ ಕೈಗೆ ಒಪ್ಪಿಸಿ ಹೊರಗೆ ಬಂದವಳು ಗಾಡಿಯ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಬೆಟ್ಟಯ್ಯಣ್ಣ ಯಾರ್ಯಾರಿಗೋ ಫೋನ್ ಮಾಡುತ್ತಿದ್ದರು, ಯಾರೂ ಎತ್ತುತ್ತಿರಲಿಲ್ಲ.

ಬಿಟ್ಟು ಬಂದೆ. ಅವನನ್ನು ನಾನೇ ಬಿಟ್ಟು ಬಂದೆ. ತಲೆಯಲ್ಲಿ ಅದೊಂದೇ.

ಇನ್ನೊಂದು ಸೈರನ್ ಗೇಟಿನೊಳಗೆ ಬಂದಾಗ ಎದ್ದು ನೋಡುವ ಧೈರ್ಯವಾಗಲಿಲ್ಲ. ಬಾಗಿಲು ತೆಗೆದ ಸದ್ದಾಯಿತು. ಮುಖ ಮುಚ್ಚಿದ್ದಾರಾ ಇಲ್ಲವಾ, ಅಷ್ಟನ್ನೇ ನೋಡುತ್ತೇನೆ ಎಂದುಕೊಂಡು ತಲೆಯೆತ್ತಿದೆ. ಮುಚ್ಚಿರಲಿಲ್ಲ. ಸ್ಟ್ರೆಚರಿನ ಮೇಲೆ ಅರೆಬರೆ ಎದ್ದು ಕೂತು, ಆಕ್ಸಿಜನ್ ಮಾಸ್ಕಿನೊಳಗಿನಿಂದ ಯಾರನ್ನೋ ಹುಡುಕುತ್ತಿದ್ದ.

ಹಿಂದಿನ ಗೋಡೆಯ ಶೀಟು ಒಡೆದು ಎಳೆದುಕೊಂಡರಂತೆ. ಶರ್ಟು ಬಿಚ್ಚಿಸಿದ್ದರು. ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಕಾದು ಎದೆಯ ಮೇಲೆ ಕೆಂಪಗೆ ಅಚ್ಚೊತ್ತಿತ್ತು. ಒಂದು ಭುಜ ಸುಟ್ಟಿತ್ತು. ಉಳಿದಂತೆ ಅವನು ಅವನೇ. ಒಳಗೆ ಕರೆದುಕೊಂಡು ಹೋಗುವ ಮೊದಲು ಮಾಸ್ಕ್ ಸರಿಸಿ, ಒಡೆದ ದನಿಯಲ್ಲಿ ಮಾತಾಡಿದ.

"ಹೊರಗ್ ಬಂದು ನೋಡ್ದೆ. ನಿನ್ ಗಾಡಿ ಇರ್ಲಿಲ್ಲ."

"ಇರ್ಲಿಲ್ಲ. ಬಿಟ್ಟು ಹೋದೆ," ಎಂದೆ. "ವಿಸಲ್ ಕೇಳಿಸ್ಕೊಂಡೇ ಹೋದೆ."

ಅವನು ನನ್ನನ್ನು ನೋಡಿದ. ಬೇಜಾರಿರಲಿಲ್ಲ ಆ ಕಣ್ಣಲ್ಲಿ. "ಅವ್ನು ಹೆಂಗವ್ನೆ?" ಎಂದು ಕೇಳಿದ.

"ಉಳ್ಕೋತಾನಂತೆ."

ಹೂಂ ಎಂದು ಕಣ್ಣು ಮುಚ್ಚಿದ. ಆಗ ನನಗೆ ಅಳು ಬಂತು, ತಡೆಯಲಾಗದ ಅಳು. ನಾನು ಅಳುತ್ತಲೇ ಹೇಳಿದೆ.

"ನೀನು ಕುಣಿಗಲ್‌ಗೆ ಹೋಗ್ಬೇಡ. ಕೆಲ್ಸ ಬಿಡ್ಬೇಡ."

"ಯಾಕೆ, ಭಯ ಹೋಯ್ತಾ?"

"ಎಲ್ಲಿ ಹೋಗುತ್ತೆ? ಜಾಸ್ತಿನೇ ಆಯ್ತು. ಆದ್ರೆ ಹೆಸ್ರೂ ಗೊತ್ತಿಲ್ದೋನಿಗೋಸ್ಕರ ನಿನ್ನನ್ನ ಬೆಂಕೀಲಿ ಬಿಟ್ಟು ಬಾಗ್ಲು ಹಾಕ್ಕೊಂಡ್ ಹೋದೋಳು ಕಣೋ ನಾನು. ಇನ್ನು ಯಾವ ಮುಖ ಇಟ್ಕೊಂಡು ನಿನಗೆ ಕೆಲ್ಸ ಬಿಡು ಅನ್ಲಿ? ಮದ್ವೆ ಆಗೋಣ. ಭಯ ಪಟ್ಕೊಂಡೇ ಇರ್ತೀನಿ."

ಅವನ ಮಸಿ ಹಿಡಿದ ಬೆರಳುಗಳು ನನ್ನ ಕೈ ಹುಡುಕಿ ಹಿಡಿದುಕೊಂಡವು. "ಇನ್ನೊಂದ್ಸಲ ಹಿಂಗೇ ಆದ್ರೆ?"

"ಮತ್ತೆ ಬಿಟ್ಟು ಹೋಗ್ತೀನಿ."

"ಹಂಗಾದ್ರೆ ಸರಿ," ಎಂದ. ಕಿವಿ ಕೆಂಪಾಗಿದ್ದು ನೋವಿನಲ್ಲೂ ಬಂದ ನಾಚಿಕೆಗೋ, ಬೆಂಕಿಯ ಕಾವಿಗೋ, ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬೆಟ್ಟಯ್ಯಣ್ಣನ ಫೋನ್ ರಿಂಗಾಯಿತು. ಕುಣಿಗಲ್ ರಸ್ತೆಯಲ್ಲಿ ಬೈಕು ಆಕ್ಸಿಡೆಂಟ್. ಅವರು ದೂರದಲ್ಲೇ ನಿಂತು, ಕರೆಯಲಾರದೆ, ಬರೀ ಕೀ ತೋರಿಸಿದರು. ನಾನು ಅವರನ್ನು ನೋಡಿದೆ, ಚನ್ನೇಶನನ್ನು ನೋಡಿದೆ. ಕೈ ಬಿಡಿಸಿಕೊಳ್ಳಲು ನನ್ನಿಂದಾಗಲಿಲ್ಲ. ಅವನೇ ಬಿಟ್ಟ, ಮಾಸ್ಕನ್ನು ತಾನೇ ಮೂಗಿಗೆ ಏರಿಸಿಕೊಂಡು, ಹೋಗು ಎಂದು ಗಾಡಿಯತ್ತ ಕೈ ತೋರಿಸಿದ.